ಗೌರಕ್ಕನ ರೆಗ್ಯುಲೇಟರ್

ನನಗೆ ನಿಜ ಹೇಳಲು ಕಲಿಸಿದವನು ಅಪ್ಪ, ಸುಳ್ಳು ಹೇಳಲು ಕಲಿಸಿದವಳು ಅವ್ವ. ಅಪ್ಪನ ಪಾಠ ಬಹಳ ವರ್ಷ ನಡೆಯಿತು. ಅವ್ವನದು ಒಂದು ಬೇಸಿಗೆಯಲ್ಲಿ ಶುರುವಾಗಿ ಆ ಮಳೆಗಾಲದ ಕೊನೆಯ ಹೊತ್ತಿಗೆ ಮುಗಿಯಿತು. ನನಗಾಗ ಒಂಬತ್ತು ವರ್ಷ. ಅದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನ್ನ ನೆನಪಿನ ಮೇಲೆ ನನಗೇ ಸಂಶಯ ಬಂದು ಪೆನ್ನು ಕೆಳಗಿಟ್ಟಿದ್ದೇನೆ. ಇಷ್ಟು ವರ್ಷ ಡೈರಿ ಬರೆದವಳಿಗೆ ಒಂದು ವಿಷಯ ಗೊತ್ತಿರುತ್ತದೆ: ನಿನ್ನೆಯದನ್ನೇ ನಾವು ಇಂದು ಸ್ವಲ್ಪ ಚಂದ ಮಾಡಿ ಹೇಳುತ್ತೇವೆ. ಆದರೆ ಆ ಕಾಲಕ್ಕೆ ಮಾತ್ರ ನನ್ನ ಬಳಿ ಒಂದು ಸಾಕ್ಷಿಯಿದೆ. ಹಿಂಬದಿ ಖಾಲಿಯಿದ್ದ ಹಳೆಯ ಹಾಳೆಗಳನ್ನು ಅಪ್ಪ ದಾರದಲ್ಲಿ ಹೊಲಿದು ಮಾಡಿಕೊಟ್ಟ ಪುಸ್ತಕ. ಅದರ ವಿಷಯ ಆಮೇಲೆ. ಮೊದಲು ಮನೆ.

ತೆಲಂಗಾಣದ ಕುಷಾಯಿಗೂಡದಲ್ಲಿದ್ದ ಆ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ. ನಡುಕೋಣೆಗೂ ಅಡುಗೆಮನೆಗೂ ಮಧ್ಯೆ ಚೌಕಟ್ಟು ಇತ್ತು, ಬಾಗಿಲು ಇರಲಿಲ್ಲ. ಹೀಗಾಗಿ ನಡುಕೋಣೆಯ ಹೊರಸಿನ ಮೇಲೆ ಮಲಗಿದವರಿಗೆ ಒಲೆಯ ಉರಿ ಕಾಣುತ್ತಿತ್ತು, ಒಲೆಯ ಮುಂದೆ ಕೂತವರಿಗೆ ಮಲಗಿದವರ ಪಾದ ಕಾಣುತ್ತಿತ್ತು. ಓಣಿಯ ಗಂಡಸರೆಲ್ಲ ಒಂದೇ ಕಾರ್ಖಾನೆಗೆ ಹೋಗುವವರು. ಬೆಳಗಿನ ಸೈರನ್ನಿಗೆ ಓಣಿ ಖಾಲಿಯಾಗಿ ಸಂಜೆಯ ಸೈರನ್ನಿಗೆ ತುಂಬುತ್ತಿತ್ತು. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ. ಚಪ್ಪಲಿ ಬಿಡುವಲ್ಲೇ ಅವೆರಡನ್ನೂ ಬಿಟ್ಟು ಕನ್ನಡಕ್ಕೆ ಬರುತ್ತಿದ್ದೆವು. ಅಪ್ಪ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದ. ಬೇರೆಯವರು ಮಾಡಿದ ಚಿಕ್ಕ ಚಿಕ್ಕ ಲೋಹದ ಭಾಗಗಳನ್ನು ಗೇಜು ಹಿಡಿದು ಅಳೆದು, ಸರಿಯಿದ್ದರೆ ಪಾಸು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೆ ರಿಜೆಕ್ಟು ಎಂದು ಮುದ್ರೆ ಒತ್ತುವುದು ಅವನ ಕೆಲಸ. ಆ ಮುದ್ರೆಯನ್ನು ಕಾರ್ಖಾನೆಯಲ್ಲೇ ಬಿಟ್ಟು ಬರುತ್ತಿದ್ದನಾದರೂ ಮನೆಯಲ್ಲಿ ನಮ್ಮೆಲ್ಲರ ಮಾತಿನ ಮೇಲೂ ಅದು ಬೀಳುತ್ತಿತ್ತು. ‘ಸುಮಾರು’, ‘ಇರಬಹುದು’ ಅನ್ನುವ ಮಾತು ಅವನ ಮುಂದೆ ನಡೆಯುತ್ತಿರಲಿಲ್ಲ.

“ಅಳದದ್ದು ಹೇಳು, ಪ್ರಭಾ. ಅನಿಸಿದ್ದು ಹೇಳಬ್ಯಾಡ.”

ಅವ್ವ ಇದಕ್ಕೆ ನಗುತ್ತಿದ್ದಳು. ಹಿಟ್ಟಿಗೆ ಎಷ್ಟು ನೀರು ಎಂದು ಅಪ್ಪ ಕೇಳಿದರೆ, “ಹಿಟ್ಟು ಹೇಳಿದಷ್ಟು” ಅನ್ನುತ್ತಿದ್ದಳು. ಆ ನಗು ಆ ಬೇಸಿಗೆಯ ಆರಂಭದಲ್ಲಿ ನಿಂತುಹೋಯಿತು. ಹೆರಿಗೆಗೆ ಆಸ್ಪತ್ರೆಗೆ ಹೋದವಳು ಮಗು ಇಲ್ಲದೆ ಮನೆಗೆ ಬಂದಳು. ಹುಟ್ಟುವಾಗಲೇ ಉಸಿರಿರಲಿಲ್ಲವಂತೆ. ತಮ್ಮನೋ ತಂಗಿಯೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳುವ ಕಾಲ ಬಂದಾಗ ಹೇಳುವವರು ಇರಲಿಲ್ಲ. ತವರಿನಲ್ಲಿ ತಾಯಿಯಿದ್ದಿದ್ದರೆ ಅವ್ವ ಬಾಗಲಕೋಟೆಯ ಕಡೆ ಹೋಗಿ ಬಾಣಂತನ ಮಾಡಿಸಿಕೊಳ್ಳಬೇಕಿತ್ತು. ಅಜ್ಜಿ ಹೋಗಿ ಬಹಳ ದಿನವಾಗಿತ್ತು. ಇನ್ನು ಕೈಯಲ್ಲಿ ಮಗುವಿಲ್ಲದ ಬಾಣಂತಿಗೆ ಏನು ಮಾಡಬೇಕೆಂದು ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಲೆಗೆ ಬಟ್ಟೆ ಕಟ್ಟಬೇಕೇ, ಸಬ್ಬಸಿಗೆ ಪಲ್ಯ ಮಾಡಿ ಕೊಡಬೇಕೇ, ಕೊಟ್ಟರೆ ಹಾಲಿಗಾಗಿ ಕೊಟ್ಟಂತೆ ಆಗುವುದಿಲ್ಲವೇ? ತೊಟ್ಟಿಲನ್ನು ಅಪ್ಪ ಮೊದಲೇ ಬಿಚ್ಚಿ ಎದುರು ಮನೆಯ ಗೌರಕ್ಕನಿಗೆ ಮರಳಿಸಿದ್ದ, ಅದು ಅವಳ ಮನೆಯದೇ. ಆದರೆ ಮಾಳಿಗೆಯ ಕಬ್ಬಿಣದ ಕೊಂಡಿ ಉಳಿದಿತ್ತು. ಅವ್ವ ಹೊರಸಿನ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದಳು. ನೋಡಿ ಸಾಕಾದರೆ ಗೋಡೆಗೆ ಹೊರಳುತ್ತಿದ್ದಳು.

ಅಪ್ಪನಿಗೆ ಅಳೆಯುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಆ ಪುಸ್ತಕ ಹೊಲಿದು, ಅಡ್ಡಗೆರೆ ಉದ್ದಗೆರೆ ಎಳೆದು ನನ್ನ ಕೈಗೆ ಕೊಟ್ಟ. ತಾನು ಕಾರ್ಖಾನೆಯಲ್ಲಿರುವಾಗ ಅವ್ವ ಎಷ್ಟು ರೊಟ್ಟಿ ತಿಂದಳು, ಸ್ನಾನ ಮಾಡಿದಳೋ ಇಲ್ಲವೋ, ಮಾತಾಡಿದಳೋ ಇಲ್ಲವೋ, ಇಷ್ಟು ಬರೆಯಬೇಕು. ನನ್ನ ಮೊದಲ ಡೈರಿ ಅದು. ಈಗಲೂ ಬಿಚ್ಚಿದರೆ ಮೊದಲ ಪುಟದಲ್ಲಿ ನನ್ನ ದುಂಡಗಿನ ಅಕ್ಷರ ಕಾಣುತ್ತದೆ: ‘ಅರ್ಧ. ಇಲ್ಲ. ಇಲ್ಲ.’ ಕೆಳಗೆ ಮತ್ತೆ, ‘ಅರ್ಧ. ಇಲ್ಲ. ಇಲ್ಲ.’ ರೊಟ್ಟಿಯೆಂದರೆ ಬೆಳಗ್ಗೆ ಅಪ್ಪ ತಾನೇ ಬಡಿದಿಟ್ಟು ಹೋದದ್ದು, ಮಧ್ಯಾಹ್ನಕ್ಕೆ ಸೆಟೆದಿರುತ್ತಿತ್ತು.

ಎದುರು ಮನೆಯ ಗೌರಕ್ಕ ಬಂದದ್ದು ಅವ್ವ ಮನೆಗೆ ಬಂದ ಮರುದಿನವೇ ಎಂದು ನಾನು ಐವತ್ತು ವರ್ಷ ನಂಬಿದ್ದೆ. ಪುಸ್ತಕ ಬೇರೆ ಹೇಳುತ್ತದೆ: ಒಂಬತ್ತು ಸಾಲು ಬರೀ ‘ಅರ್ಧ’, ಅಂದರೆ ಒಂಬತ್ತು ದಿನ ಯಾರೂ ಬಂದಿಲ್ಲ. ಗೌರಕ್ಕ ನಮ್ಮ ಕಡೆಯವಳೇ, ಎತ್ತರದ ದನಿ, ಅಗಲವಾದ ಕುಂಕುಮ, ಮದುವೆಗೆ ಬಂದ ಒಬ್ಬಳೇ ಮಗಳು ವಿಜಯಾ. ಆ ಒಂಬತ್ತು ದಿನ ಅವಳು ಬಾಗಿಲ ತನಕ ಬಂದು, ಒಳಗೆ ಬಂದು ಏನು ಮಾತಾಡಬೇಕೆಂದು ತಿಳಿಯದೆ ತಿರುಗಿ ಹೋಗಿರಬಹುದು. ಹತ್ತನೆಯ ದಿನ ಅರ್ಧ ದಿನದ ಶಾಲೆ ಮುಗಿಸಿ ನಾನು ಮನೆಗೆ ಬರುವಾಗ ನಾದುವ ಅಗಲ ಪರಾತದಲ್ಲಿ ಜೋಳದ ಹಿಟ್ಟು ಹಿಡಿದು ಒಳಗೆ ಬಂದಳು.

“ಪ್ರಭೀ, ನಿಮ್ಮವ್ವಗ ಹೇಳು, ನಮ್ಮನ್ಯಾಗ ಗ್ಯಾಸ್ ಮುಗದೈತಿ. ನಾಕು ರೊಟ್ಟಿ ಬಡಕೊಂಡು ಹೋಗ್ತೀನಿ.”

ಅವ್ವ ಮೂರು ಮಾರು ದೂರದಲ್ಲೇ ಮಲಗಿದ್ದಳು. ಬೇರೆ ಊರಿನಲ್ಲಿರುವವಳಿಗೆ ಹೇಳಿ ಕಳಿಸುವಂತೆ ಗೌರಕ್ಕ ನನಗೆ ಹೇಳಿದಳು. ಆ ಕಾಲದಲ್ಲಿ ಸಿಲಿಂಡರ್ ಮುಗಿದರೆ ಮತ್ತೊಂದು ಬರಲು ವಾರಗಟ್ಟಲೆ ಕಾಯಬೇಕಿತ್ತು, ಹೀಗಾಗಿ ಒಬ್ಬರ ಒಲೆಯಲ್ಲಿ ಇನ್ನೊಬ್ಬರು ಬೇಯಿಸುವುದು ಓಣಿಯಲ್ಲಿ ಹೊಸದಲ್ಲ. ಅವ್ವ ಕೊಂಡಿಯಿಂದ ಕಣ್ಣು ತೆಗೆಯಲಿಲ್ಲ. ಗೌರಕ್ಕ ಅದನ್ನೇ ಒಪ್ಪಿಗೆ ಎಂದುಕೊಂಡು ಒಲೆಯ ಮುಂದೆ ಕೂತಳು. ಬಿಸಿನೀರು ಸುರಿದು ನಾದಿ, ಅಂಗೈಯಿಂದ ತಟ್ಟಿ, ತಿರುಗಿಸಿ, ಮತ್ತೆ ತಟ್ಟಿ. ಹತ್ತು ದಿನಗಳಿಂದ ಹಗಲೆಲ್ಲ ಸದ್ದೇ ಇಲ್ಲದ ಮನೆಯಲ್ಲಿ ಆ ಬಡಿತ ಗೋಡೆಗೆ ತಾಗಿ ಮರಳಿ ಬರುತ್ತಿತ್ತು. ಹೋಗುವಾಗ ಹೊಗೆಯಾಡುವ ಎರಡು ರೊಟ್ಟಿಯನ್ನು ನಮ್ಮ ತಟ್ಟೆಯಲ್ಲಿ ಮುಚ್ಚಿಟ್ಟಳು.

“ಇದು ಗ್ಯಾಸಿನ ಬಾಡಿಗಿ. ಬಿಟ್ಟಿ ಉರಿ ಸುಟ್ಟರ ನಮಗ ದಕ್ಕಂಗಿಲ್ಲ.”

ಆ ದಿನದ ಸಾಲಿನಲ್ಲಿ ‘ಒಂದು’ ಎಂದಿದೆ.

ಮರುದಿನವೂ ಬಂದಳು. ನಾಲ್ಕನೆಯ ದಿನ ಹಿಂದಿನ ಮನೆಯ ಸತ್ತೆಮ್ಮ ತನ್ನ ಹಿಟ್ಟು ತಂದಳು, ಅವಳದೂ ಗ್ಯಾಸ್ ಮುಗಿದಿತ್ತು. ಸತ್ತೆಮ್ಮ ಇಲ್ಲೇ ತೆಲಂಗಾಣದ ಹಳ್ಳಿಯವಳು, ಗೌರಕ್ಕನ ಜೊತೆ ಜಗಳವಾಡಿ ಆಡಿಯೇ ಕನ್ನಡ ಕಲಿತವಳು. ಅವರ ಕಡೆಯ ಜೋಳದ ರೊಟ್ಟಿ ದಪ್ಪ, ನಮ್ಮದು ತೆಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂತರೆ ಮುಗಿಯಿತು.

“ಏಂದಮ್ಮಾ ಗೌರಕ್ಕ, ಇದಿ ರೊಟ್ಟೆನಾ, ಕಾಗಿತಮಾ? ಗಾಳಿ ಬಂದ್ರ ಹಾರಿ ಉಪ್ಪಲ್‌ಗೆ ಹೋಗ್ತದಿ.”

“ನಿಂದು ನೋಡಲೇ, ರೊಟ್ಟಿ ಅಲ್ಲ ಹಲಿಗಿ. ತಿಂದವಗ ನೀರು ಕುಡಸೂದಲ್ಲ, ಡಾಕ್ಟರ್‌ನ ಕರಸಬೇಕು.”

ಅವರು ಅವ್ವನ ಹೊರಸಿನ ಬಳಿ ಕೂರಲಿಲ್ಲ, ಹೇಗಿದ್ದೀ ಎನ್ನಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಒಬ್ಬಳು ಮಲಗಿದ್ದಾಳೆ, ಇವರು ನಮ್ಮ ಗ್ಯಾಸ್ ಸುಡುತ್ತ ಹರಟುತ್ತಿದ್ದಾರೆ. ಹೀಗಿರುವಾಗ ಒಂದು ದಿನ ಸತ್ತೆಮ್ಮನ ರೊಟ್ಟಿ ಅಂಚು ಸೀಳಿ ಹಂಚಿನ ಮೇಲೆ ಎರಡಾಯಿತು. ಗೌರಕ್ಕ ನಗಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಹೊರಸಿನಿಂದ ದನಿ ಬಂತು.

“ನೀರು ಕಾದಿಲ್ಲ.”

ಇಬ್ಬರೂ ತಿರುಗಿ ನೋಡಲಿಲ್ಲ. ಸತ್ತೆಮ್ಮ ಸುಮ್ಮನೆ ನೀರಿನ ಪಾತ್ರೆಯನ್ನು ಮತ್ತೆ ಉರಿಯ ಮೇಲಿಟ್ಟಳು. ಗೌರಕ್ಕನ ಕೈ ಮಾತ್ರ ತಟ್ಟುವ ತಾಳ ತಪ್ಪಿತು. ಪುಸ್ತಕದ ಕೊನೆಯ ಕಾಲಮ್ಮಿನಲ್ಲಿ ಅಂದು ಮೊದಲ ಬಾರಿಗೆ ‘ಹೌದು’ ಎಂದಿದೆ. ಅಪ್ಪ ಸಂಜೆ ಅದನ್ನು ನೋಡಿ ಹೊರಗೆ ಹೋಗಿ ಬಹಳ ಹೊತ್ತು ಕೈಕಾಲು ತೊಳೆದ.

ಇನ್ನು ನನ್ನ ತಪ್ಪು. ಅದಾದ ಮೂರು ನಾಲ್ಕು ದಿನಕ್ಕೆ, ಗೌರಕ್ಕನ ಮನೆಯ ಮುಂದೆ ಗ್ಯಾಸಿನ ಗಾಡಿ ನಿಂತಿದ್ದನ್ನೂ ತುಂಬಿದ ಸಿಲಿಂಡರನ್ನು ಒಳಗೆ ಉರುಳಿಸಿದ್ದನ್ನೂ ನಾನು ಕಣ್ಣಾರೆ ಕಂಡೆ. ಎರಡು ದಿನ ಕಾದು ನೋಡಿದೆ. ಎರಡೂ ದಿನ ಅವಳು ಪರಾತ ಹಿಡಿದು ಬಂದು ‘ಗ್ಯಾಸ್ ಇನ್ನೂ ಬಂದಿಲ್ಲ ನೋಡವಾ’ ಅಂದಳು. ಎರಡನೆಯ ದಿನ ನಾನು ಚೌಕಟ್ಟಿನಲ್ಲಿ ನಿಂತೆ. ಅಪ್ಪನ ದನಿ ನನ್ನ ಗಂಟಲಲ್ಲಿತ್ತು.

“ಗೌರಕ್ಕಾ, ನಿಮ್ಮ ಗ್ಯಾಸ್ ಬಂದು ಎರಡು ದಿನ ಆತು. ನಾ ನೋಡೀನಿ. ಸುಳ್ಳು ಯಾಕ ಹೇಳ್ತೀರಿ?”

ಬಡಿತ ನಿಂತಿತು. ಅಷ್ಟು ದೊಡ್ಡ ದನಿಯ ಗೌರಕ್ಕ ಸಣ್ಣದಾಗಿ, “ಹೌದೇನವಾ, ನಾ ನೋಡೇ ಇಲ್ಲ” ಎಂದು, ಅರ್ಧ ತಟ್ಟಿದ ರೊಟ್ಟಿಯನ್ನು ಮುದ್ದೆ ಮಾಡಿ ಪರಾತಕ್ಕೆ ಹಾಕಿಕೊಂಡಳು. ಸತ್ತೆಮ್ಮ “ಪೋದಾಂ ಪಾ ಗೌರಕ್ಕ” ಎಂದು ಎದ್ದು ನಿಂತು ಅವಳ ರಟ್ಟೆ ಹಿಡಿದಳು. ಇಬ್ಬರೂ ನಮ್ಮ ಹೊರಸಿನ ಮುಂದಿಂದಲೇ ತಲೆ ತಗ್ಗಿಸಿ ಹೋದರು. ಅವ್ವ ಗೋಡೆಯ ಕಡೆ ಇದ್ದಳು. ನಾನು ಗೆದ್ದಂತೆ ನಿಂತಿದ್ದೆ. ಸಂಜೆ ಅಪ್ಪನಿಗೆ ಹೇಳಿ ಶಭಾಶ್‌ಗಾಗಿ ಕಾದೆ. ಅವನು ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟ.

“ಅಳದದ್ದು ಸರಿ ಐತಿ,” ಅಂದ. “ಗೇಜು ತಪ್ಪು ಹಿಡದಿ.”

ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದ್ದು ಪುಸ್ತಕ. ಮರುದಿನ ಯಾರೂ ಬರಲಿಲ್ಲ, ‘ಅರ್ಧ.’ ಅದರ ಮರುದಿನ ‘ಇಲ್ಲ.’ ಆಮೇಲೆ ಮತ್ತೆ ‘ಇಲ್ಲ’, ಮತ್ತೆ ‘ಇಲ್ಲ.’ ಆ ‘ಇಲ್ಲ’ಗಳನ್ನು ಬರೆದದ್ದು ನಾನೇ, ಬರೆಯುವಂತೆ ಮಾಡಿದ್ದೂ ನಾನೇ ಎಂದು ಒಂಬತ್ತು ವರ್ಷದವಳಿಗೂ ತಿಳಿಯಿತು. ಒಂದು ದಿನದ ಸಾಲಿನಲ್ಲಿ ಸುಳ್ಳೇ ‘ಒಂದು’ ಎಂದು ಬರೆದು, ಹೆದರಿ, ಹೊಡೆದು ಹಾಕಿದ ಗುರುತು ಈಗಲೂ ಇದೆ. ಆರನೆಯ ದಿನ ಮಧ್ಯಾಹ್ನ ಅವ್ವ ನನ್ನನ್ನು ಹತ್ತಿರ ಕರೆದಳು.

“ಗೌರಕ್ಕನ ಮನಿಗೆ ಹೋಗು. ರೆಗ್ಯುಲೇಟರ್ ಕೆಟ್ಟೈತಿ ಅಂತ ಹೇಳು.”

“ನಮ್ಮದಾ?”

“ನಮ್ಮದ್ಯಾಕ ಕೆಡತೈತಿ? ಅವರದು.”

“ಅವರ ಮನ್ಯಾಗಿಂದು ಕೆಟ್ಟದ್ದು ನಿನಗ ಹೆಂಗ ಗೊತ್ತು? ನೀ ಹೊರಸು ಬಿಟ್ಟು ಎದ್ದೇ ಇಲ್ಲ.”

“ಹೋಗ್ತಿಯೋ ಇಲ್ಲೋ?”

ಹೋದೆ. ಗೌರಕ್ಕನ ಒಲೆ ಹತ್ತಿತ್ತು, ಮೇಲೆ ಬೇಳೆ ಕುದಿಯುತ್ತಿತ್ತು. ನಾನು ಆ ನೀಲಿ ಉರಿಯನ್ನೇ ನೋಡುತ್ತ, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ, “ಅವ್ವ ಹೇಳಿ ಕಳಿಸ್ಯಾಳ, ನಿಮ್ಮ ರೆಗ್ಯುಲೇಟರ್ ಕೆಟ್ಟೈತಂತ” ಅಂದೆ. ಗೌರಕ್ಕ ಉರಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬಗ್ಗಿ ಒಲೆ ಆರಿಸಿದಳು.

“ಹೌದಲ್ಲವಾ, ಮುಂಜಾನಿಂದ ಕೆಟ್ಟು ಕುಂತೈತಿ ಸುಡುಗಾಡಂಥಾದ್ದು,” ಎನ್ನುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಕೂಗಿದಳು. “ವಿಜೀ, ಪರಾತ ತಾ. ಸತ್ತೆಮ್ಮಗೂ ಹೇಳು, ಅಕಿದೂ ಕೆಟ್ಟೈತಿ ಅಂತ.”

ಆ ರೆಗ್ಯುಲೇಟರು ಮಳೆಗಾಲದ ತನಕ ರಿಪೇರಿಯಾಗಲಿಲ್ಲ. ಅವ್ವ ಮೊದಲು ಚೌಕಟ್ಟಿಗೆ ಒರಗಿ ಕೂತಳು. ಆಮೇಲೆ ಹಿಟ್ಟು ಸಾಣಿಸಿ ಕೊಟ್ಟಳು. ಒಂದು ದಿನ ಸತ್ತೆಮ್ಮನನ್ನು ಸರಿಸಿ, “ಏಳ್ರಿ, ಹಂಚು ಹಾಳಾತು” ಎಂದು ತಾನೇ ಒಲೆಯ ಮುಂದೆ ಕೂತಳು. ಮಾಳಿಗೆಯ ಕೊಂಡಿಗೆ ಉಳ್ಳಾಗಡ್ಡಿಯ ಬುಟ್ಟಿ ತೂಗುಹಾಕಿದಳು. ಅದು ಸ್ವಲ್ಪ ಅಲ್ಲಾಡುತ್ತಿತ್ತು, ಅವಳು ಕೈಯಿಂದ ಹಿಡಿದು ನಿಲ್ಲಿಸಿದಳು. ಆಮೇಲಿಂದ ನಾನು ಪುಸ್ತಕ ಬರೆಯುವುದನ್ನು ಮರೆಯುತ್ತ ಬಂದೆ, ಅಪ್ಪ ಕೇಳುವುದನ್ನು ಬಿಟ್ಟ.

ಮುಂದೆ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುವಾಗ, ಸುತ್ತಲಿನ ಜನರ ಆಸರೆಯಿದ್ದರೆ ಮನಸ್ಸು ಒತ್ತಡವನ್ನು ಹೇಗೆ ತಾಳಿಕೊಳ್ಳುತ್ತದೆ ಎಂದು ಒಬ್ಬ ಮೇಷ್ಟ್ರು ಎರಡು ತಾಸು ಪಾಠ ಮಾಡಿದರು. ಅಂದಿನ ಡೈರಿಯಲ್ಲಿ ನಾನು ಬರೆದುಕೊಂಡದ್ದು ಎರಡೇ ಶಬ್ದ: ‘ಗೌರಕ್ಕನ ಪರಾತ.’ ಕೊಡುತ್ತೇನೆ ಎಂದು ಬಂದಿದ್ದರೆ ಅವ್ವ ಗೋಡೆಗೆ ಹೊರಳುತ್ತಿದ್ದಳು. ಅವರು ಬೇಡಿಕೊಂಡು ಬಂದರು. ಹೊರಸು ಹಿಡಿದವಳನ್ನು ಕೊಡುವವಳನ್ನಾಗಿ ಮಾಡಿ, ತಾವು ಬಾಡಿಗೆ ಕೊಟ್ಟು ಹೋದರು. ಕಳೆದ ವರ್ಷ ನಮ್ಮವರು ತೀರಿಕೊಂಡಾಗ ಗಚ್ಚಿಬೌಲಿಯ ಈ ಹನ್ನೊಂದನೆಯ ಮಹಡಿಗೆ ನನ್ನ ಫೋನಿನೊಳಗೆ ನೂರಾರು ಮುಗಿದ ಕೈಗಳ ಚಿತ್ರಗಳು ಬಂದವು. ಎದುರು ಮನೆಯ ಹುಡುಗಿ ‘ಏನಾದರೂ ಬೇಕಾದರೆ ಹೇಳಿ ಆಂಟೀ’ ಎಂದು ಬರೆದಿದ್ದಳು, ಒಳ್ಳೆಯ ಮನಸ್ಸಿನಿಂದಲೇ. ಬೇಕು ಎಂದು ಹೇಳಲು ನನಗೆ ಬರಲಿಲ್ಲ. ಇಲ್ಲಿ ಕೊಳವೆಯಲ್ಲಿ ಗ್ಯಾಸ್ ಬರುತ್ತದೆ, ಯಾರದೂ ಎಂದೂ ಮುಗಿಯುವುದಿಲ್ಲ. ನಾನು ಯಾರನ್ನೂ ದೂರುತ್ತಿಲ್ಲ. ಆ ಹುಡುಗಿಯ ತಾಯಿ ಆಸ್ಪತ್ರೆಯಲ್ಲಿದ್ದಾಗ ನಾನೂ ಮುಗಿದ ಕೈಯನ್ನೇ ಕಳಿಸಿದ್ದೆ. ಈಚೆಗೆ ಮೆಟ್ರೋ ಹಿಡಿದು ಉಪ್ಪಲ್‌ಗೆ ಹೋಗಿ ಸತ್ತೆಮ್ಮನನ್ನು ನೋಡಿ ಬಂದೆ. ಅವಳಿಗೆ ದಪ್ಪ ರೊಟ್ಟಿ, ತೆಳು ರೊಟ್ಟಿಯ ಜಗಳ ನೆನಪಿದೆ. ರೆಗ್ಯುಲೇಟರ್ ನೆನಪಿಲ್ಲ. “ನೀ ಭಾಳ ಅಳ್ತಿದ್ದಿ ಬಿಡ್ಡಾ, ಚೌಕಟ್ಟು ಹಿಡಕೊಂಡು” ಎಂದಳು. ನಾನು ಅತ್ತ ನೆನಪು ನನಗಿಲ್ಲ, ಪುಸ್ತಕದಲ್ಲೂ ಇಲ್ಲ. ನನ್ನನ್ನು ಅಳೆಯುವ ಕಾಲಮ್ಮು ಅದರಲ್ಲಿ ಇರಲಿಲ್ಲ.

ಇನ್ನು ಹೇಳುವುದೂ ಪುಸ್ತಕದಲ್ಲಿ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗೌರಕ್ಕನ ವಿಜಯಾಳಿಗೆ ಗೊತ್ತಾಗಿದ್ದ ಗಂಡು ತಪ್ಪಿತು. ಗಂಡಿನ ಕಡೆಯವರು ಕಾರಣ ಹೇಳದೆ ಬೇಡ ಎಂದು ಹೇಳಿ ಕಳಿಸಿದರು. ಸಮಾಧಾನ ಹೇಳಲು ಹೋದವರೆಲ್ಲ ಬಾಗಿಲಲ್ಲೇ ಯಾಕ ಮುರೀತು ಎಂದು ಕೇಳಿದರು. ಗೌರಕ್ಕ ಬಾಗಿಲು ಹಾಕಿಕೊಂಡಳು. ಹಾಲಿನವನಿಗೂ ತೆಗೆಯಲಿಲ್ಲ. ಮೂರನೆಯ ದಿನ ಅವ್ವ ನಮ್ಮ ಪರಾತಕ್ಕೆ ಹಿಟ್ಟು ಹಾಕಿ ನನ್ನ ತಲೆಯ ಮೇಲಿಟ್ಟಳು. ಮಗು ಹೋದ ಮೇಲೆ ಅವಳು ಇನ್ನೊಬ್ಬರ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನಮ್ಮ ಹೊಸ ಸಿಲಿಂಡರ್ ಅಂದು ಬೆಳಗ್ಗೆಯಷ್ಟೇ ಬಂದಿತ್ತು, ಅದರ ಚೀಟಿಗೆ ಸಹಿ ಹಾಕಿದವಳು ನಾನೇ. ಓಣಿ ದಾಟಿದ್ದು ಹತ್ತು ಹೆಜ್ಜೆ. ಅವ್ವ ಬಾಗಿಲು ತಟ್ಟಿದಳು.

“ಯಾರು?”

“ನಾನ್ರಿ, ಶಾರದಾ.”

“ಆಮ್ಯಾಲ ಬರ್ರಿ ಶಾರದಕ್ಕಾ. ತಲಿ ಭಾಳ ನೋಯಾಕತ್ತೈತಿ.”

ಅವ್ವ ಬಾಯಿ ತೆರೆದಳು. ಮನೆಯಿಂದ ಸಿದ್ಧ ಮಾಡಿಕೊಂಡು ಬಂದ ಮಾತು ಹೊರಗೆ ಬರಲಿಲ್ಲ. ಮತ್ತೊಮ್ಮೆ ತೆರೆದಳು. ಆಮೇಲೆ ನನ್ನ ಕಡೆ ನೋಡಿದಳು. ಬಾಗಿಲೊಳಗೆ ಹೆಜ್ಜೆ ದೂರ ಸರಿಯುತ್ತಿತ್ತು.

“ಗೌರಕ್ಕಾ,” ನಾನು ಕೂಗಿದೆ, “ನಮ್ಮ ರೆಗ್ಯುಲೇಟರ್ ಕೆಟ್ಟೈತ್ರಿ! ಅಪ್ಪ ಬರೂದರೊಳಗ ರೊಟ್ಟಿ ಆಗಬೇಕು!”

ಹೆಜ್ಜೆ ನಿಂತಿತು. ಎಷ್ಟು ಹೊತ್ತು ಎಂದು ಅಳೆದಿಲ್ಲ. ಚಿಲಕ ಸರಿಯಿತು. ಗೌರಕ್ಕ ನಮ್ಮ ಮುಖ ನೋಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ವಿಜಯಾ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವ್ವ ಅವಳನ್ನು ಮಾತಾಡಿಸಲಿಲ್ಲ. ಒಲೆ ಹಚ್ಚಿ, ನೀರು ಕಾಯಿಸಿ, ಬಡಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಗೌರಕ್ಕ ಎದುರಿಗೆ ಕೂತು ಹಂಚಿನ ಮೇಲಿನದನ್ನು ತಿರುವಿಹಾಕಿದಳು. ಹೊರಡುವಾಗ ಎರಡು ರೊಟ್ಟಿ ಅಲ್ಲಿ ಮುಚ್ಚಿಟ್ಟು ಬಂದೆವು.

ಸಂಜೆಯ ಸೈರನ್ನಿಗೆ ಅಪ್ಪ ಬಂದ. ಗೌರಕ್ಕನ ಮನೆಯ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಮಧ್ಯಾಹ್ನದಿಂದ ತಣ್ಣಗಿರುವ ನಮ್ಮ ಒಲೆ, ಮೂಲೆಯಲ್ಲಿ ಹೊಸ ಸಿಲಿಂಡರು, ಎಲ್ಲವನ್ನೂ ನೋಡಿದ. ಅವನು ನೋಡದೆ ಬಿಡುವವನಲ್ಲ.

“ಮನ್ಯಾಗ ಯಾಕ ಬಡದಿಲ್ಲ?”

ಅವ್ವ ತಟ್ಟೆ ಹಾಕುತ್ತಿದ್ದಳು. ನಾನು ಅಂದು ಎರಡನೆಯ ಸಲ ಅದೇ ಮಾತು ಹೇಳಿದೆ, ಈ ಸಲ ಅಪ್ಪನ ಕಣ್ಣನ್ನೇ ನೋಡಿ.

“ರೆಗ್ಯುಲೇಟರ್ ಕೆಟ್ಟೈತಿ, ಅಪ್ಪಾ.”

ಅವನು ಅಂಗಿಯ ತೋಳು ಮಡಚಿದ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೆಗ್ಯುಲೇಟರಿನ ಗುಂಡಿ ತಿರುಗಿಸಿದ, ಕಿವಿ ಹತ್ತಿರ ಒಯ್ದ, ಕಡ್ಡಿ ಗೀರಿದ. ಉರಿ ದುಂಡಗೆ, ನೀಲಿಯಾಗಿ, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲದೆ ಎದ್ದಿತು. ಅಪ್ಪ ಅದನ್ನು ನೋಡಿದ. ಅವ್ವನನ್ನು ನೋಡಿದ. ಅವಳ ಕೈಗೆ ಗೌರಕ್ಕನ ಮನೆಯಲ್ಲಿ ನಾದಿದ ಹಿಟ್ಟು ಇನ್ನೂ ಒಣಗಿ ಅಂಟಿತ್ತು. ಗುಂಡಿಯನ್ನು ತಿರುಗಿಸಿ ಉರಿ ಆರಿಸಿದ.

“ಹೂಂ, ಕೆಟ್ಟೈತಿ,” ಎಂದ. “ರಿಪೇರಿಗೆ ಒಂದು ವಾರಾನಾದ್ರೂ ಹಿಡಿತೈತಿ.”